ಬಡ್ಡಿಯ ಹೊನ್ನು, ಕೆರೆಯ ಕೆಳಗಣ ಗದ್ದೆ: ಬೆಳ್ಗೊಳದ ದತ್ತಿಗಳ ಹಣಕಾಸು

ಶ್ರವಣಬೆಳ್ಗೊಳದ ಶಾಸನಗಳನ್ನು ಸಾಹಿತ್ಯದ ವಿದ್ಯಾರ್ಥಿಗಳು ಪ್ರವೇಶಿಸುವುದು ಬಹುಮಟ್ಟಿಗೆ ಕಾವ್ಯದ ಬಾಗಿಲಿನಿಂದ. 1129ರ ಮಲ್ಲಿಷೇಣ ಪ್ರಶಸ್ತಿ, ಸುಮಾರು 1180ರ ಬೊಪ್ಪಣ ಪಂಡಿತನ ಗೊಮ್ಮಟಸ್ತುತಿ, ಸನ್ಯಸನ ವಿಧಿಯಿಂದ ಮುಡಿಪಿದವರ ನಿಸಿದಿ ಪದ್ಯಗಳು ಇವೇ ಪಠ್ಯಗಳಲ್ಲಿಯೂ ಚರ್ಚೆಗಳಲ್ಲಿಯೂ ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತವೆ. ವೃತ್ತ ಕಂದಗಳು ಮುಗಿದು ಗದ್ಯ ತೊಡಗಿ, ಗದ್ದೆ, ಬೆದ್ದಲೆ, ಸಲಗೆ, ಕೊಳಗ, ಗದ್ಯಾಣ, ಹಾಗ ಎಂಬ ಶಬ್ದಗಳು ಎದುರಾಗುತ್ತಲೇ ಓದು ನಿಂತುಬಿಡುತ್ತದೆ. ಆದರೆ ಶಾಸನವನ್ನು ಬರೆಸಿದವನಿಗೆ ಮುಖ್ಯವಾಗಿದ್ದುದು ಈ ಒಣ ಸಾಲುಗಳೇ. ಪ್ರಶಸ್ತಿ ಇಲ್ಲದಿದ್ದರೂ ದತ್ತಿ ನಿಲ್ಲುತ್ತಿತ್ತು. ಎಲ್ಲೆ, ಅಳತೆ, ಮೊತ್ತ, ಹೊಣೆಗಾರರ ಉಲ್ಲೇಖವಿಲ್ಲದ ದತ್ತಿ ಒಂದು ತಲೆಮಾರನ್ನೂ ದಾಟುತ್ತಿರಲಿಲ್ಲ.

ಆ ಸಾಲುಗಳ ಹಿಂದೆ ಇರುವ ಪ್ರಶ್ನೆ ಒಂದೇ. ಕೈಯಲ್ಲಿರುವ ಒಂದಿಷ್ಟು ಹೊನ್ನನ್ನು ಯಾವುದರಲ್ಲಿ ತೊಡಗಿಸಿದರೆ ಅದರ ಹುಟ್ಟುವಳಿ ಕೊಟ್ಟವನು ಸತ್ತ ಮೇಲೂ ತಪ್ಪದೆ ಬರುತ್ತದೆ? ದಿನಕ್ಕೊಂದಿಷ್ಟು ಹಾಲು, ಒಂದು ಮಾಲೆ ಹೂವು, ಒಂದು ನಂದಾದೀಪ ಇಷ್ಟಕ್ಕೇ ಆಸೆಪಟ್ಟ ಸಾಮಾನ್ಯ ಶ್ರಾವಕನೂ ಈ ಪ್ರಶ್ನೆಯನ್ನು ಬಿಡಿಸಲೇಬೇಕಾಗಿತ್ತು. ಬಡ್ಡಿಗೆ ಇಡುವುದೋ, ಭೂಮಿಯನ್ನು ಕೊಳ್ಳುವುದೋ, ಪ್ರತಿ ವರ್ಷ ಕೊಡುತ್ತೇವೆಂದು ಒಪ್ಪಿ ಬರೆಸುವುದೋ? ಬೆಳ್ಗೊಳದಲ್ಲಿ ಈ ಮೂರಕ್ಕೂ ಶಾಸನಾಧಾರಗಳಿವೆ. 1889ರಲ್ಲಿ ಬಿ. ಎಲ್. ರೈಸ್ ಹೊರತಂದ ಬೆಳ್ಗೊಳದ ಶಾಸನ ಸಂಪುಟವನ್ನು 1923ರಲ್ಲಿ ಆರ್. ನರಸಿಂಹಾಚಾರ್ಯರು ಪರಿಷ್ಕರಿಸಿದಾಗ ಸೇರಿದ ಅನೇಕ ಕಿರುಶಾಸನಗಳು ಈ ದೃಷ್ಟಿಯಿಂದ ದೊಡ್ಡ ಪ್ರಶಸ್ತಿಗಳಿಗಿಂತ ಹೆಚ್ಚು ಮಾತನಾಡುತ್ತವೆ.

ಅರಸನಿಗೆ ಈ ಪ್ರಶ್ನೆ ಅಷ್ಟಾಗಿ ಇರಲಿಲ್ಲ. ಹಲಸಿಯ ಕದಂಬ ತಾಮ್ರಪಟಗಳ ಕಾಲದಿಂದಲೂ ಭೂಮಿ ಅರಸನ ಕೈಯಿಂದ ಜಿನಾಲಯಕ್ಕೆ ನೇರವಾಗಿ ಇಳಿಯುತ್ತಿತ್ತು. ಕಾಕುಸ್ಥವರ್ಮನು ಸೇನಾಪತಿ ಶ್ರುತಕೀರ್ತಿಗೆ ಒಂದು ಕ್ಷೇತ್ರವನ್ನು ಕೊಟ್ಟನು. ಮೃಗೇಶವರ್ಮನು ಪಲಾಶಿಕೆಯ ಜಿನಾಲಯದ ಸಲುವಾಗಿ ಯಾಪನೀಯ, ನಿರ್ಗ್ರಂಥ, ಕೂರ್ಚಕ ಸಂಘಗಳಿಗೆ 33 ನಿವರ್ತನ ಭೂಮಿಯನ್ನು ಬಿಟ್ಟನು. ಇಲ್ಲಿ ಬೆಲೆಯ ಮಾತೇ ಇಲ್ಲ.

ಹೊಯ್ಸಳರ ಕಾಲದ ದಂಡನಾಯಕರು ಮತ್ತು ಅಧಿಕಾರಿಗಳ ಸ್ಥಿತಿ ಇದಕ್ಕಿಂತ ಭಿನ್ನ. ಅವರಿಗೆ ಸ್ವಂತ ರಾಜ್ಯವಿಲ್ಲ. ಆದರೆ ಅರಸನ ಮೆಚ್ಚುಗೆಯೆಂಬ ಬಂಡವಾಳವಿದೆ. ವಿಷ್ಣುವರ್ಧನನ ದಂಡನಾಯಕ ಗಂಗರಾಜನು ಕಣ್ಣೆಗಾಲದಲ್ಲಿ ಚಾಲುಕ್ಯ ಸೈನ್ಯವನ್ನು ಸೋಲಿಸಿದ ಮೇಲೆ ಅರಸನು ಮೆಚ್ಚಿ ಬೇಡಿದ್ದನ್ನು ಕೊಡುವೆನೆಂದಾಗ, ಪರಮ ಎಂಬ ಗ್ರಾಮವನ್ನು ಬೇಡಿ ಪಡೆದು, ತನ್ನ ತಾಯಿ ಪೋಚಿಕಬ್ಬೆಯೂ ಹೆಂಡತಿ ಲಕ್ಷ್ಮಿಯೂ ಮಾಡಿಸಿದ ಬಸದಿಗಳಿಗೆ 1118ರಲ್ಲಿ ಬಿಟ್ಟನು. ಗೊಮ್ಮಟದೇವರ ಪೂಜೆಗೆ ಗೋವಿಂದವಾಡಿ ಸಂದದ್ದೂ ಅವನಿಂದಲೇ. ಶಾಂತಲದೇವಿಯು 1123ರಲ್ಲಿ ಸವತಿಗಂಧವಾರಣ ಬಸದಿಯನ್ನು ಕಟ್ಟಿಸಿದಾಗ ಮೊಟ್ಟೆನವಿಲೆ ಎಂಬ ಊರನ್ನು ಅರಸನ ಒಪ್ಪಿಗೆಯಿಂದ ಪಡೆದೇ ಬಿಡಬೇಕಾಯಿತು. ಪಟ್ಟದ ರಾಣಿಗೂ ಒಪ್ಪಿಗೆ ಬೇಕಾಗಿತ್ತೆಂಬುದು ಗಮನಿಸಬೇಕಾದ ಸಂಗತಿ.

ಹುಳ್ಳನ ಉದಾಹರಣೆಯಲ್ಲಿ ಇನ್ನೊಂದು ಎಚ್ಚರ ಕಾಣುತ್ತದೆ. ಒಂದನೆಯ ನರಸಿಂಹನ ಭಂಡಾರಿಯಾಗಿದ್ದ ಇವನು 1159ರಲ್ಲಿ ಚತುರ್ವಿಂಶತಿ ತೀರ್ಥಂಕರರ ಬಸದಿಯನ್ನು ನಿರ್ಮಿಸಿದನು. ಅದನ್ನು ಕಂಡ ಅರಸನು ಅದಕ್ಕೆ ಭವ್ಯಚೂಡಾಮಣಿ ಎಂಬ ಹೆಸರನ್ನಿತ್ತು ಸವಣೇರು ಗ್ರಾಮವನ್ನು ದತ್ತಿ ಬಿಟ್ಟನು. ಅಲ್ಲಿಗೆ ಕೆಲಸ ಮುಗಿದಂತೆ ತೋರಬಹುದು. ಆದರೆ ಇಮ್ಮಡಿ ಬಲ್ಲಾಳನು ಪಟ್ಟಕ್ಕೆ ಬಂದ ಬಳಿಕ ಹುಳ್ಳನು ಅದೇ ಸವಣೇರನ್ನು, ಜೊತೆಗೆ ಬೆಕ್ಕ ಮತ್ತು ಕಗ್ಗೆರೆಗಳನ್ನು, ಹೊಸ ಅರಸನಿಂದ ಮತ್ತೆ ಪಡೆದು ಬಿಡಿಸಿದನು. ಭಂಡಾರದ ಲೆಕ್ಕ ನೋಡಿದವನಿಗೆ ಆಚಂದ್ರಾರ್ಕ ಎಂಬ ಮಾತಿನ ಬೆಲೆ ಎಷ್ಟೆಂಬುದು ಗೊತ್ತಿದ್ದಿರಬೇಕು. ಹಳೆಯ ಅರಸನ ಕೊಡುಗೆಯನ್ನು ಹೊಸ ಅರಸನಿಂದ ದೃಢಪಡಿಸಿಕೊಳ್ಳುವುದು, ಇಂದಿನ ಮಾತಿನಲ್ಲಿ ಹೇಳುವುದಾದರೆ, ಹಕ್ಕುಪತ್ರವನ್ನು ಮತ್ತೊಮ್ಮೆ ನೋಂದಾಯಿಸಿಕೊಂಡಂತೆ. ಚಂದ್ರಮೌಳಿಯ ಹೆಂಡತಿ ಆಚಿಯಕ್ಕನು 1181ರಲ್ಲಿ ಕಟ್ಟಿಸಿದ ಅಕ್ಕನ ಬಸದಿಗೂ ಇದೇ ಬಲ್ಲಾಳನಿಂದ ಬೊಮ್ಮೆಯನಹಳ್ಳಿ ದೊರೆಯಿತು.

ಊರನ್ನೇ ಪಡೆಯಬಲ್ಲವರ ಕಥೆ ಇಷ್ಟು. ಕೆಲವೇ ಗದ್ಯಾಣಗಳನ್ನು ಗಳಿಸಿ ಉಳಿಸಿದ ಸೆಟ್ಟಿ, ಗೌಡ, ಭಟ್ಟಾರಕರ ಗುಡ್ಡ ಮೊದಲಾದವರ ವ್ಯವಹಾರವೇ ನಿಜವಾಗಿ ಕುತೂಹಲಕರ. 13ನೆಯ ಶತಮಾನದ ಉತ್ತರಾರ್ಧದ ಅನೇಕ ಕಿರುಶಾಸನಗಳು ಗೊಮ್ಮಟದೇವರ ನಿತ್ಯಾಭಿಷೇಕದ ಹಾಲಿಗೆ ಇಟ್ಟ ಮೊತ್ತಗಳನ್ನು ದಾಖಲಿಸುತ್ತವೆ. ಇವುಗಳ ರೂಪ ಬಹುತೇಕ ಒಂದೇ: ಇಂಥವನು ಇಷ್ಟು ಗದ್ಯಾಣವನ್ನು ಕೊಟ್ಟನು, ಹೊನ್ನಿಗೆ ತಿಂಗಳಿಗೆ ಒಂದು ಹಾಗದಂತೆ ಬರುವ ಬಡ್ಡಿಯಿಂದ ದಿನಕ್ಕೆ ಇಷ್ಟು ಮಾನ ಅಥವಾ ಬಳ್ಳ ಹಾಲನ್ನು ನಡೆಸಬೇಕು. ಅಸಲನ್ನು ಮುಟ್ಟುವಂತಿಲ್ಲ, ಬಡ್ಡಿ ಮಾತ್ರ ಹಾಲಾಗಬೇಕು.

ಈ ದರವನ್ನು ಲೆಕ್ಕಹಾಕಿ ನೋಡುವುದು ಅಗತ್ಯ. ಹೊಯ್ಸಳ ಕಾಲದ ಸಾಮಾನ್ಯ ಎಣಿಕೆಯಂತೆ ಗದ್ಯಾಣಕ್ಕೆ 10 ಹಣ, ಹಣಕ್ಕೆ 4 ಹಾಗ. ಅಂದರೆ ಒಂದು ಗದ್ಯಾಣದಲ್ಲಿ 40 ಹಾಗಗಳು. ತಿಂಗಳಿಗೆ ಒಂದು ಹಾಗವೆಂದರೆ ವರ್ಷಕ್ಕೆ 12 ಹಾಗ, ನೂರಕ್ಕೆ 30. ನಾಲ್ಕು ಗದ್ಯಾಣವಿಟ್ಟವನಿಗೆ ತಿಂಗಳಿಗೆ ಒಂದು ಹಣದ ಹಾಲು. ಮೂರು ವರ್ಷ ನಾಲ್ಕು ತಿಂಗಳಲ್ಲಿ ಇಟ್ಟ ಹೊನ್ನಿನಷ್ಟೇ ಮೌಲ್ಯದ ಹಾಲು ದೇವರ ಮೇಲೆ ಹರಿದುಹೋಗುತ್ತದೆ, ಅಸಲು ಹಾಗೆಯೇ ಉಳಿಯುತ್ತದೆ. ಇಷ್ಟು ಬಡ್ಡಿಯನ್ನು ತೆರುವವನು ಆ ಹೊನ್ನನ್ನು ಪೆಟ್ಟಿಗೆಯಲ್ಲಿ ಇಟ್ಟುಕೊಂಡಿದ್ದಿರಲಾರ. ಬೆಳ್ಗೊಳದ ಶಾಸನಗಳಲ್ಲಿ ಮಾಣಿಕ್ಯನಖರ ಎಂದು ಕರೆಯಿಸಿಕೊಂಡ ರತ್ನವ್ಯಾಪಾರಿಗಳ ಸಮೂಹವೇ ಅಲ್ಲಿನ ದೇವರ ವ್ಯವಹಾರಗಳಿಗೆ ಮುಂದಾಳಾಗಿ ನಿಲ್ಲುತ್ತದೆ. ದೂರದ ಊರುಗಳ ನಡುವೆ ಸರಕನ್ನು ಸಾಗಿಸುವ ವರ್ತಕನ ಚೀಲದಲ್ಲಿ ಮಾತ್ರ ಹೊನ್ನು ಆ ವೇಗದಲ್ಲಿ ಹೊನ್ನನ್ನು ಹೆರಬಲ್ಲದು.

ಲಾಭವೂ ಅಪಾಯವೂ ಇರುವುದು ಇಲ್ಲಿಯೇ. ವರ್ತಕನ ವ್ಯಾಪಾರ ಕೆಟ್ಟರೆ, ಅವನ ಮಕ್ಕಳು ಊರು ಬಿಟ್ಟರೆ, ದಾರಿಯಲ್ಲಿ ದಂಡು ಬಂದರೆ, ಆ ನಾಲ್ಕು ಗದ್ಯಾಣ ಯಾರ ಬಳಿ ಇದೆಯೆಂದು ಕೇಳುವವರಾರು? ಹೊನ್ನಿಗೆ ಎಲ್ಲೆಕಲ್ಲಿಲ್ಲ. ಮೂಡಣ ದಿಕ್ಕಿಗೆ ಹುಣಿಸೆಯ ಮರ, ತೆಂಕಣಕ್ಕೆ ಹಳ್ಳ ಎಂದು ಅದನ್ನು ಗುರುತಿಸುವಂತಿಲ್ಲ. 14ನೆಯ ಶತಮಾನದ ಆರಂಭದಿಂದ ಹೊಯ್ಸಳ ನಾಡು ಕಂಡ ಮುತ್ತಿಗೆಗಳಲ್ಲಿ ವರ್ತಕರ ದಾರಿಗಳು ಹೇಗೆ ಕದಡಿದುವೆಂಬುದನ್ನು ನೆನೆದರೆ, ಈ ಹಾಲಿನ ದತ್ತಿಗಳಿಗೆ ಒದಗಿರಬಹುದಾದ ಗತಿಯನ್ನು ಊಹಿಸುವುದು ಕಷ್ಟವಲ್ಲ.

ಎರಡನೆಯ ದಾರಿ ವಾರ್ಷಿಕ ವಂತಿಗೆ. ಮೊಸಳೆಯ ವಡ್ಡವ್ಯವಹಾರಿ ಬಸವಿಸೆಟ್ಟಿಯು ಸುಮಾರು 1185ರಲ್ಲಿ ಗೊಮ್ಮಟನ ಸುತ್ತಾಲಯದಲ್ಲಿ ಇಪ್ಪತ್ತನಾಲ್ಕು ತೀರ್ಥಂಕರರ ಪ್ರತಿಮೆಗಳನ್ನು ಮಾಡಿಸಿದಾಗ, ಅವುಗಳ ಅಷ್ಟವಿಧಾರ್ಚನೆಗೆಂದು ಮೊಸಳೆಯ ವರ್ತಕರು ವರ್ಷವರ್ಷವೂ ತಮ್ಮ ತಮ್ಮ ಪಾಲಿನ ಮೊತ್ತವನ್ನು ಕೊಡಲು ಒಪ್ಪಿದರು. ಇದರಲ್ಲಿ ದೊಡ್ಡ ಮೊತ್ತವನ್ನು ಒಮ್ಮೆಗೇ ಹೊಂದಿಸುವ ಹೊರೆಯಿಲ್ಲ. ಆದರೆ ಇದಕ್ಕೆ ಹಿಂದೆ ನಿಂತಿರುವುದು ಮಾತು ಮಾತ್ರ, ಆಸ್ತಿಯಲ್ಲ. 1368ರ ಬುಕ್ಕರಾಯನ ಪ್ರಸಿದ್ಧ ಶಾಸನದಲ್ಲಿ ಇದೇ ವಂತಿಗೆಯು ರಾಜಾಜ್ಞೆಯ ಬಲವನ್ನು ಪಡೆದುಕೊಳ್ಳುತ್ತದೆ: ಜೈನರ ಮನೆಮನೆಗೆ ವರ್ಷಕ್ಕೆ ಒಂದು ಹಣ, ಅದರಿಂದ ಬೆಳ್ಗೊಳದ ದೇವರ ಅಂಗರಕ್ಷಣೆಗೆ 20 ಆಳುಗಳು, ಮಿಕ್ಕ ಹೊನ್ನಿನಿಂದ ಜೀರ್ಣ ಜಿನಾಲಯಗಳಿಗೆ ಸುಣ್ಣ. ಈ ಶಾಸನವನ್ನು ಜೈನ ವೈಷ್ಣವ ಸಾಮರಸ್ಯದ ದಾಖಲೆಯೆಂದು ಉದ್ಧರಿಸುವವರು ಅದರೊಳಗಿನ ಈ ಹಣಕಾಸಿನ ಏರ್ಪಾಟನ್ನು ಅಷ್ಟಾಗಿ ಲಕ್ಷಿಸಿಲ್ಲ.

ಮೂರನೆಯದು ಭೂಮಿಯ ಕ್ರಯ. ಬೆಳ್ಗೊಳದ ವರ್ತಕರು ಗಂಗಸಮುದ್ರವೇ ಮೊದಲಾದ ಸಮೀಪದ ಸ್ಥಳಗಳಲ್ಲಿ ನೆಲವನ್ನು ಬೆಲೆಗೆ ಕೊಂಡು, ಗೊಮ್ಮಟದೇವರ ಪೂಜೆಗೆ ಹೂವು ಸಲ್ಲಿಸುವಂತೆ ಮಾಲೆಗಾರನಿಗೆ ಒಪ್ಪಿಸಿಕೊಟ್ಟ ದಾಖಲೆಗಳಿವೆ. ಅರಸನ ಕೊಡುಗೆಗೂ ಇದಕ್ಕೂ ಇರುವ ಅಂತರ ದೊಡ್ಡದು. ಇಲ್ಲಿ ಮಾರುವವನೊಬ್ಬನಿದ್ದಾನೆ, ಬೆಲೆಯೊಂದಿದೆ, ಕೊಂಡ ಮೇಲೂ ತೀರದ ತೆರಿಗೆಯಿದೆ.

ಕೊಳ್ಳುವವನು ನೋಡಬೇಕಾಗಿದ್ದ ಮೊದಲ ಅಂಶ ನೀರು. ಗದ್ದೆಯನ್ನೂ ಬೆದ್ದಲನ್ನೂ ಶಾಸನಗಳು ಯಾವಾಗಲೂ ಬೇರ್ಪಡಿಸಿಯೇ ಹೇಳುತ್ತವೆ. ಒಂದಕ್ಕೆ ಸಲಗೆಯ ಲೆಕ್ಕ ಬಂದರೆ ಇನ್ನೊಂದಕ್ಕೆ ಕೊಳಗದ ಲೆಕ್ಕ ಬರುವುದುಂಟು. ಎರಡೂ ಮೂಲತಃ ಧಾನ್ಯದ ಅಳತೆಗಳು. ಇಂತಿಷ್ಟು ಬಿತ್ತನೆ ಬೀಳುವ ನೆಲ ಎಂಬ ಅರ್ಥದಲ್ಲಿ ನೆಲದ ಅಳತೆಯಾಗಿ ನಿಂತಿರುವುದರಿಂದ, ಅಳತೆಯೊಳಗೇ ಹುಟ್ಟುವಳಿಯ ಅಂದಾಜು ಅಡಗಿದೆ. ಕೆರೆಯ ಕೆಳಗಣ ಗದ್ದೆಯೆಂದರೆ ಅದರ ಬೆಲೆ ತೂಬಿಗೂ ಏರಿಗೂ ಕಟ್ಟುಬಿದ್ದಿರುತ್ತದೆ. ಕೆರೆ ಒಡೆದರೆ ಗದ್ದೆಯೂ ಬೆದ್ದಲೇ. ಆದಕಾರಣವೇ ದತ್ತಿ ಬಿಡುವವರು ಕೆರೆಯನ್ನು ಕಟ್ಟಿಸುವ, ತೂಬನ್ನಿಕ್ಕಿಸುವ, ಕೆರೆಯ ಉಸ್ತುವಾರಿಗೆ ಕೊಡಗೆ ಬಿಡುವ ಕಾರ್ಯವನ್ನೂ ಜೊತೆಗೂಡಿಸುತ್ತಿದ್ದರು. ಅದನ್ನು ಪ್ರತ್ಯೇಕ ಪುಣ್ಯಕಾರ್ಯವೆಂದು ಮಾತ್ರ ಎಣಿಸುವುದು ಅರ್ಧ ಸತ್ಯ. ಕೊಂಡ ನೆಲದ ಆದಾಯವನ್ನು ಕಾಪಾಡಿಕೊಳ್ಳುವ ವೆಚ್ಚವೂ ಅದಾಗಿತ್ತು.

ಎರಡನೆಯ ಅಂಶ ತೆರಿಗೆ. ಭೂಮಿಯ ಮೇಲಣ ನಿಶ್ಚಿತ ತೆರಿಗೆಗೆ ಸಿದ್ಧಾಯವೆಂದು ಹೆಸರು. ಅರಸನ ದತ್ತಿಯಲ್ಲಿ ಸರ್ವಬಾಧಾ ಪರಿಹಾರವೆಂಬ ಮಾತು ಬಂದರೆ ಸಿದ್ಧಾಯವೂ ಇತರ ತೆರಿಗೆಗಳೂ ಬಿಟ್ಟುಹೋದಂತೆ. ಹೊನ್ನು ಕೊಟ್ಟು ಕೊಂಡ ಭೂಮಿಗೆ ಈ ವಿನಾಯಿತಿ ತಾನಾಗಿ ದೊರೆಯುವುದಿಲ್ಲ. ಸಿದ್ಧಾಯವನ್ನು ತೆತ್ತು ಉಳಿದುದರಲ್ಲಿ ಹೂವೋ ಹಾಲೋ ನಡೆಯಬೇಕು, ಇಲ್ಲವೇ ಊರವರು ಆ ತೆರಿಗೆಯನ್ನು ತಾವು ಹೊರಲು ಒಪ್ಪಬೇಕು. ಆದುದರಿಂದ ಕ್ರಯವೆಂಬುದು ಮಾರುವವನೂ ಕೊಳ್ಳುವವನೂ ಇಬ್ಬರೇ ಕುಳಿತು ಮುಗಿಸುವ ವ್ಯವಹಾರವಾಗಿರಲಿಲ್ಲ. ಗೌಡರು, ನಖರಂಗಳು, ಸ್ಥಾನಿಕರು, ಆಚಾರ್ಯರು ಸಾಕ್ಷಿಗಳಾಗಿ ಒಳಗೊಳ್ಳುತ್ತಿದ್ದರು. ಹಣ ಹೊಂದಿಸುವುದಕ್ಕಿಂತ ಈ ಒಪ್ಪಿಗೆಗಳನ್ನು ಹೊಂದಿಸುವುದೇ ದೊಡ್ಡ ಕೆಲಸವಾಗಿದ್ದಿರಬಹುದು.

ಮೂರನೆಯದು ಉಳುವವನ ಪ್ರಶ್ನೆ. ಮಾಲೆಗಾರನಿಗೆ ನೆಲವನ್ನೇ ಕೊಟ್ಟುಬಿಡುವ ಏರ್ಪಾಟಿನ ಜಾಣತನ ಇಲ್ಲಿದೆ. ಒಕ್ಕಲಿನಿಂದ ಗುತ್ತಗೆಯನ್ನು ವಸೂಲುಮಾಡಿ, ಅದನ್ನು ಹಣವಾಗಿಸಿ, ಹಣದಿಂದ ಹೂವನ್ನು ಕೊಳ್ಳುವ ಮೂರು ಮೆಟ್ಟಿಲುಗಳು ಒಂದರಲ್ಲಿ ಅಡಗುತ್ತವೆ. ಹೂವು ಬೆಳೆಯುವವನೂ ಕಟ್ಟುವವನೂ ಅವನೇ. ಉಳಿದ ಬೆಳೆ ಅವನ ಸಂಸಾರಕ್ಕೆ. ಸೋರಿಕೆಗೆ ಎಡೆ ಕಡಿಮೆ. ಹೊನ್ನಿನ ಬಡ್ಡಿ ನೂರಕ್ಕೆ ಮೂವತ್ತರಂತೆ ಬರುತ್ತಿದ್ದ ಕಾಲದಲ್ಲಿ ನೆಲವು ಅಷ್ಟನ್ನು ಕೊಡುತ್ತಿದ್ದಿತೆಂದು ನಂಬಲು ಕಾರಣವಿಲ್ಲ. ಆದರೂ ಕೆಲವರು ನೆಲವನ್ನೇ ಆರಿಸಿದರು. ಅವರು ಬಿಟ್ಟುಕೊಟ್ಟ ಹೆಚ್ಚುವರಿ ಲಾಭವೇ ಅವರು ಸ್ಥಿರತೆಗೆ ತೆತ್ತ ಬೆಲೆ.

ಇದೆಲ್ಲದರ ನಡುವೆ ಜೈನ ಶ್ರಾವಕನಿಗೆ ಇನ್ನೊಂದು ತೊಡಕಿತ್ತು. ಪಂಚಾಣುವ್ರತಗಳಲ್ಲಿ ಕೊನೆಯದಾದ ಪರಿಗ್ರಹ ಪರಿಮಾಣವು ಅವನ ಒಡೆತನಕ್ಕೆ ಮಿತಿಯನ್ನು ಹಾಕುತ್ತದೆ. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವು ಈ ವ್ರತದ ಅತಿಚಾರಗಳನ್ನು ಎಣಿಸುವಾಗ ಮೊದಲಿಗೇ ಬರುವುದು ಕ್ಷೇತ್ರ ಮತ್ತು ವಾಸ್ತು, ಅಂದರೆ ಹೊಲ ಮತ್ತು ಮನೆ. ಹೊನ್ನು ಬೆಳ್ಳಿಗಳು ಆಮೇಲಿನವು. ಬೆಳ್ಗೊಳದ ಪರಿಸರದಲ್ಲಿ ಇದು ಪುಸ್ತಕದ ಮಾತಾಗಿ ಉಳಿದಿರಲಿಲ್ಲ. ನಯಕೀರ್ತಿ ಸಿದ್ಧಾಂತದೇವರ ಶಿಷ್ಯ ಬಾಲಚಂದ್ರರು ತತ್ತ್ವಾರ್ಥಸೂತ್ರಕ್ಕೆ ತತ್ತ್ವರತ್ನಪ್ರದೀಪಿಕೆ ಎಂಬ ಕನ್ನಡ ವ್ಯಾಖ್ಯಾನವನ್ನು ರಚಿಸಿದರು. ಅದೇ ನಯಕೀರ್ತಿಗಳ ಗುಡ್ಡ, ಪಟ್ಟಣಸ್ವಾಮಿ ನಾಗದೇವನು 1195ರ ಸುಮಾರಿಗೆ ನಗರ ಜಿನಾಲಯವನ್ನು ಕಟ್ಟಿಸಿದನು. ಅದರ ಪಾಲನೆ ವರ್ತಕರ ಕೈಯಲ್ಲಿತ್ತು. ಅಕ್ಕನ ಬಸದಿಯ ದತ್ತಿಯನ್ನು ಪಡೆದವರೂ ಈ ಬಾಲಚಂದ್ರರೇ. ಹೊಲ ಮನೆಗಳಿಗೆ ಮಿತಿಯಿರಲೆಂದು ಬೋಧಿಸಿದ ಗುರುಪರಂಪರೆಯ ಕಾಲ್ಗಳನ್ನು ಕರ್ಚಿ ಶಿಷ್ಯರು ಹೊಲಗಳನ್ನು ಧಾರೆಯೆರೆದರು.

ಇದನ್ನು ವಿರೋಧಾಭಾಸವೆಂದು ತಳ್ಳಿಹಾಕುವುದು ಸುಲಭ. ಆದರೆ ಶ್ರಾವಕನ ಕಡೆಯಿಂದ ನೋಡಿದರೆ ಇದಕ್ಕೊಂದು ಒಳತರ್ಕವಿದೆ. ವ್ಯಾಪಾರ ಬೆಳೆದಂತೆ ಮಿತಿಯನ್ನು ಮೀರುವ ಹೊನ್ನು ಕೂಡುತ್ತದೆ. ಅದನ್ನು ಹೊನ್ನಾಗಿಯೇ ಇಟ್ಟುಕೊಂಡರೆ ವ್ರತಭಂಗ, ತನ್ನ ಹೆಸರಿಗೆ ಹೊಲ ಕೊಂಡರೂ ವ್ರತಭಂಗ. ಕೊಂಡು ಬಿಟ್ಟುಕೊಟ್ಟರೆ ಒಡೆತನ ದೇವರದಾಗುತ್ತದೆ, ಉಸ್ತುವಾರಿ ಮಾತ್ರ ಸಮೂಹದ್ದಾಗಿ ಉಳಿಯುತ್ತದೆ. ಮುನಿಗಳ ಕಡೆಯಿಂದ ಈ ತರ್ಕ ಅಷ್ಟು ಸಲೀಸಲ್ಲ. ಬಾಹ್ಯಾಭ್ಯಂತರ ಪರಿಗ್ರಹಗಳನ್ನು ತೊರೆದ ನಿರ್ಗ್ರಂಥರ ಹೆಸರಿನಲ್ಲಿ ಊರುಗಳು ನಿಂತದ್ದರಿಂದ ಮಠವೆಂಬ ಸಂಸ್ಥೆಗೆ ನೆಲೆ ದೊರೆಯಿತು, ಸಾಹಿತ್ಯಕ್ಕೆ ಆಶ್ರಯ ದೊರೆಯಿತು; ಜೊತೆಗೆ ಲೆಕ್ಕ ಬರೆಯುವ, ಗುತ್ತಗೆ ಎತ್ತುವ, ಸಾಲ ತರುವ ಹೊಣೆಯೂ ಬಂದಿತು.

ಆ ಸಾಲವೇ ಕಥೆಯ ಮುಂದಿನ ಭಾಗ. ಭೂಮಿಯು ಹೊನ್ನಿಗಿಂತ ಸ್ಥಿರವೆಂದು ನಂಬಿದವರು ಒಂದನ್ನು ಮರೆತಿರಲಿಲ್ಲ: ಸ್ಥಿರವಾದುದರ ಮೇಲೆಯೇ ಸಾಲ ಹುಟ್ಟುತ್ತದೆ. ನಗರ ಜಿನಾಲಯದ ಪೂಜಾರಿಗಳು ವರ್ತಕರಿಗೆ ಬರೆದುಕೊಟ್ಟ ಒಡಂಬಡಿಕೆಯಲ್ಲಿ ದೇವರ ಭೂಮಿಯನ್ನು ಅಡವಿಟ್ಟವನೂ ಮಾರಿದವನೂ ರಾಜದ್ರೋಹಿ, ಸಮಯದ್ರೋಹಿ ಎಂಬ ಮಾತು ಬರುತ್ತದೆ. ನಡೆಯದ ಅಪರಾಧಕ್ಕೆ ಯಾರೂ ಇಷ್ಟು ಕಟುವಾದ ಶಬ್ದಗಳನ್ನು ಸಿದ್ಧಪಡಿಸುವುದಿಲ್ಲ. ಕೊಂಡುಕೊಟ್ಟ ವರ್ತಕರಿಗೆ ಆಗಲೇ ಈ ಭಯವಿತ್ತೆಂದು ತಿಳಿಯಬೇಕು.

ಭಯ ನಿಜವಾದುದು 17ನೆಯ ಶತಮಾನದಲ್ಲಿ. ಚಿದಾನಂದ ಕವಿಯ ಮುನಿವಂಶಾಭ್ಯುದಯವು ಚನ್ನಪಟ್ಟಣದ ಜಗದೇವರಾಯನ ಕಡೆಯಿಂದ ಒದಗಿದ ಉಪದ್ರವದಿಂದಾಗಿ ಚಾರುಕೀರ್ತಿಗಳು ಬೆಳ್ಗೊಳವನ್ನು ಬಿಟ್ಟು ಹೋಗಿದ್ದುದನ್ನು ಹೇಳುತ್ತದೆ. ಗುರುಪೀಠ ಬರಿದಾದಾಗ ದೇವರ ಸ್ವತ್ತಿಗೆ ಕಾವಲಿಲ್ಲ. ಸ್ಥಾನಿಕರು ಪೂಜೆ ನಡೆಸಲೋ ಸಂಸಾರ ನಡೆಸಲೋ, ದತ್ತಿಯ ಭೂಮಿಗಳನ್ನು ವರ್ತಕರಿಗೆ ಅಡಹು ಹಾಕಿ ಸಾಲ ತಂದರು. ಅಡಹು ಹಿಡಿದವರು ಬಹುಕಾಲ ಭೂಮಿಯನ್ನು ಅನುಭವಿಸುತ್ತ ಬಂದರು. ಗದ್ದೆಗಳು ಇದ್ದಲ್ಲಿಯೇ ಇದ್ದವು, ಎಲ್ಲೆಕಲ್ಲುಗಳೂ ಅಲುಗಲಿಲ್ಲ. ಅಲ್ಲಿಂದ ಬರುವ ಭತ್ತ ಮಾತ್ರ ದೇವರ ಕಣಜಕ್ಕೆ ಬರಲಿಲ್ಲ.

1630ರಲ್ಲಿ ಚನ್ನಪಟ್ಟಣವು ಮೈಸೂರಿನ ವಶವಾಯಿತು. ಚಾಮರಾಜ ಒಡೆಯರು ಬೆಳ್ಗೊಳಕ್ಕೆ ಬಂದಾಗ ಈ ಸ್ಥಿತಿ ಅವರ ಗಮನಕ್ಕೆ ಬಂದಿತು. ಶಕವರ್ಷ 1556, ಅಂದರೆ 1634ರ ಶಾಸನವು ಮುಂದಿನ ಸಂಗತಿಯನ್ನು ವಿವರಿಸುತ್ತದೆ. ಒಡೆಯರು ಅಡಹು ಹಿಡಿದ ವರ್ತಕರನ್ನು ಕರೆಸಿ, ನಿಮ್ಮ ಸಾಲವನ್ನು ನಾವು ತೀರಿಸುತ್ತೇವೆ, ಭೂಮಿಯನ್ನು ಬಿಡಿ ಎಂಬ ಅಭಿಪ್ರಾಯವನ್ನು ತಿಳಿಸಿದರು. ವರ್ತಕರು ಹಣವನ್ನು ಪಡೆಯಲಿಲ್ಲ. ತಮ್ಮ ತಂದೆತಾಯಿಗಳಿಗೆ ಪುಣ್ಯವಾಗಲೆಂದು ಸಾಲವನ್ನೇ ಧಾರೆಯೆರೆದು, ಗೊಮ್ಮಟಸ್ವಾಮಿಯ ಸನ್ನಿಧಿಯಲ್ಲಿ, ಗುರು ಚಾರುಕೀರ್ತಿ ಪಂಡಿತರ ಎದುರಿನಲ್ಲಿ ಅಡಹಿನ ಪತ್ರಗಳನ್ನು ಬಿಟ್ಟುಕೊಟ್ಟರು.

ಅರಸನ ಎದುರಿನಲ್ಲಿ ಬಂದ ಈ ಔದಾರ್ಯ ಎಷ್ಟರಮಟ್ಟಿಗೆ ಸ್ವಯಂಪ್ರೇರಿತವೆಂದು ಕೇಳಬಹುದು. ಕೇಳುವುದು ತಪ್ಪೂ ಅಲ್ಲ. ನಾಡನ್ನು ಹೊಸದಾಗಿ ಗೆದ್ದ ದೊರೆಯ ಮುಂದೆ ನಿಂತು ಅಸಲು ಬಡ್ಡಿಗಳನ್ನು ಎಣಿಸಿಕೊಳ್ಳುವುದಕ್ಕೆ ವರ್ತಕನಿಗೆ ಸಾಕಷ್ಟು ಎದೆಗಾರಿಕೆ ಬೇಕು. ಬಹುಕಾಲದ ಅನುಭೋಗದಿಂದ ಅಸಲು ಎಂದೋ ಕೈಸೇರಿದ್ದಿರಬಹುದು. ಹಾಗಿದ್ದಲ್ಲಿ ಧಾರೆಯೆರೆದದ್ದು ಮುಂದಿನ ಲಾಭವನ್ನು ಮಾತ್ರ. ಇಷ್ಟಾದರೂ ಶಾಸನವನ್ನು ಬರೆಸಿದವರು ಇದನ್ನು ಅರಸನ ವಶಪಡಿಸಿಕೆಯೆಂದಾಗಲಿ ಸಾಲದ ತೀರುವಳಿಯೆಂದಾಗಲಿ ನಿರೂಪಿಸದೆ ದಾನವೆಂದೇ ನಿರೂಪಿಸಿದುದರಲ್ಲಿ ಅರ್ಥವಿದೆ. ಸಾಲ ತೀರಿಸಿ ಬಿಡಿಸಿದ ಭೂಮಿ ನಾಳೆ ಮತ್ತೆ ಸಾಲಕ್ಕೆ ಒಡ್ಡಿಕೊಳ್ಳಬಹುದು. ಧಾರೆಯೆರೆದದ್ದು ಎರಡನೆಯ ಸಲ ದತ್ತಿಯಾದಂತೆ. ಮೊದಲ ದಾನಿಗಳ ವಂಶಗಳು ಅಳಿದ ಮೇಲೆ, ಅಡಹು ಹಿಡಿದವರೇ ಹೊಸ ದಾನಿಗಳಾಗಿ ಆ ಭೂಮಿಯ ಬೆನ್ನಿಗೆ ನಿಂತರು.

ಆದರೆ ಶಾಸನ ಅಲ್ಲಿಗೇ ನಿಲ್ಲದೆ ಮುಂದಿನ ಕಟ್ಟಳೆಯೊಂದನ್ನು ವಿಧಿಸುತ್ತದೆ. ನಗರ ಜಿನಾಲಯದ ಹಳೆಯ ಒಡಂಬಡಿಕೆಯ ಕೋಪ ಅಡವಿಟ್ಟವನ ಮೇಲೆ ಮಾತ್ರ ಇದ್ದಿತು. 1634ರ ಕಟ್ಟಳೆ ಅಡಹು ಹಾಕುವವರನ್ನೂ ಅಡಹು ಹಿಡಿಯುವವರನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸುತ್ತದೆ. ಸಾಲ ತರುವವನನ್ನು ಬೆದರಿಸಿ ಫಲವಿಲ್ಲ. ಹಸಿವೋ ಹಬ್ಬವೋ ಬಂದಾಗ ಅವನು ತರುತ್ತಾನೆ. ಕೊಡುವವನಿಗೆ ತನ್ನ ಹಣ ಹಿಂದಿರುಗುವ ಭರವಸೆಯಿಲ್ಲದಂತೆ ಮಾಡಿದರೆ ಸಾಲವೇ ಹುಟ್ಟುವುದಿಲ್ಲ. ಬೆಳ್ಗೊಳದ ವರ್ತಕರೂ ಸ್ಥಾನಿಕರೂ ನಾಲ್ಕು ಶತಮಾನಗಳ ವ್ಯವಹಾರದಿಂದ ಕಲಿತ ಈ ಪಾಠವನ್ನು ಒಂದು ಪ್ರತಿಯಾಗಿ ಕಲ್ಲಿನ ಮೇಲೂ ಇನ್ನೊಂದು ಪ್ರತಿಯಾಗಿ ಮಠದ ತಾಮ್ರಪಟದ ಮೇಲೂ ಬರೆಸಲಾಯಿತು.